ಒಕ್ಕೂಟ ಮುಚ್ಚಲು ಸೇರಿದ ದಿನ

ಬೇರೆ ಬೇರೆ ಸಭೆಗಳ, ಅಂದರೆ ಚರ್ಚುಗಳ, ಕ್ರೈಸ್ತರು ಒಂದಾಗೋಣ ಅಂತ ಕೂತರೆ ಏನಾದರೊಂದು ಎಡವಟ್ಟು ಆಗದೆ ಏಳುವುದಿಲ್ಲ. ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತನಾದ ನನಗೆ, ನಮ್ಮ ದಕ್ಷಿಣ ಬೆಂಗಳೂರಿನ ಸಭೆಗಳ ಒಕ್ಕೂಟದ ಚರಿತ್ರೆ ಬರೆಯುವ ಕೆಲಸ ಸಿಕ್ಕಾಗ ಖುಷಿಯೋ ಖುಷಿ. ಬರೆದುಕೊಡಿ ಅಂತ ಕೇಳಿದ್ದು ಒಕ್ಕೂಟದ ಅಧ್ಯಕ್ಷರು, ಡಯಾಲಿಸಿಸ್‌ನಲ್ಲಿದ್ದ ಮುದಿ ಪಾಸ್ಟರು.

"ಬೇಗ ಬರೀರಿ ಸಾರ್. ಒಕ್ಕೂಟಾನೂ ನನ್ನ ಹಾಗೇ ಎಳೀತಿದೆ. ನಾನೇ ಮೊದಲು ಹೋದ್ರೆ ಸಾಕು, ಅದು ಹೋಗೋದು ನೋಡಕ್ಕಾಗಲ್ಲ."

ಹುಟ್ಟಿದ್ದು

ಒಕ್ಕೂಟ ಶುರು ಮಾಡಿದವರಲ್ಲಿ ಬದುಕಿ ಉಳಿದಿದ್ದವರು ಯಡಿಯೂರಿನ ಒಬ್ಬ ಅಜ್ಜಿ; ಅವರನ್ನು ಹೋಗಿ ಕೇಳಿದೆ.

"ಐಕ್ಯತೆಯ ದರ್ಶನ ಹೇಗೆ ಬಂತಮ್ಮ?"

"ಎಂಥ ದರ್ಶನ? ಎರಡು ಸಭೆಯವ್ರು ಒಂದೇ ಸಂಜೆ ನಮ್ಮನೆಗೆ ಕ್ರಿಸ್ಮಸ್ ಕ್ಯಾರಲ್ಸ್ ಹಾಡಕ್ಕೆ ಬಂದ್ರು. ಇವ್ರು ಒಳಗೆ ಒಂದು ಹಾಡು, ಅವ್ರು ಗೇಟಲ್ಲಿ ಇನ್ನೊಂದು. ನಾಯಿ ಕಟ್ಟು ಬಿಚ್ಕೊಂಡು ಓಡ್ತು. ಆಮೇಲೆ ಬೀದಿ ಹಂಚ್ಕೊಳ್ಳಕ್ಕೆ ಅಂತ ಕಮಿಟಿ ಮಾಡಿದ್ವಿ. ಅದೇ ನಿಮ್ಮ ಒಕ್ಕೂಟ."

"ಆ ಹಾಡಿದವರೆಲ್ಲ?"

"ಗೋರಿ ಸೇರಿದ್ರು. ಅಕ್ಕಪಕ್ಕ ಮಲಗಿದಾರೆ. ಈಗ ಒಬ್ರೂ ಹಾಡಲ್ಲ."

ಪೀಠ ಬದಲು

ವರ್ಷಕ್ಕೊಂದು ಭಾನುವಾರ ಒಂದು ಸಭೆಯ ಪಾಸ್ಟರು ಇನ್ನೊಂದು ಸಭೆಯಲ್ಲಿ ಪೀಠ ಹತ್ತಿ ಉಪದೇಶದ ಪ್ರಸಂಗ ಮಾಡಬೇಕು, ಇದು ಒಕ್ಕೂಟದ ಪದ್ಧತಿ. ಒಂದು ವರ್ಷ ನಮ್ಮ ಜಯನಗರದ ಪಾಸ್ಟರು ಜೆ.ಪಿ. ನಗರಕ್ಕೆ, ಅಲ್ಲಿಯವರು ನಮ್ಮಲ್ಲಿಗೆ. ನಾನು ನಮ್ಮ ಬೆಂಚಿನಲ್ಲಿ ಕೂತು ನೋಡಿದರೆ ಸುತ್ತ ಒಂದೂ ಪರಿಚಯದ ಮುಖವಿಲ್ಲ.

"ಹೊಸಬರಾ?" ಪಕ್ಕದವರನ್ನು ಕೇಳಿದೆ.

"ಇಲ್ಲ ಅಂಕಲ್, ಜೆ.ಪಿ. ನಗರದವ್ರು. ನಮ್ಮ ಪಾಸ್ಟರ್ ಇಲ್ಲಿದಾರಲ್ಲ, ಇಲ್ಲಿಗೇ ಬಂದ್ವಿ."

"ಹಾಗಾದರೆ ನಮ್ಮವರು?"

"ನಿಮ್ಮ ಪಾಸ್ಟರ್ ಹಿಂದೆ ಹೋಗಿದಾರೆ. ಸಿಗ್ನಲ್ಲಲ್ಲಿ ಸಿಕ್ಕಿದ್ರು, ಕೈ ಬೀಸಿದ್ವಿ."

ಆ ವರ್ಷದ ಐಕ್ಯತೆ ಅಂದರೆ ಅಷ್ಟೇ, ಸಿಗ್ನಲ್ಲಿನಲ್ಲಿ ಬೀಸಿದ ಕೈ.

ಮುಚ್ಚಿದ್ದು

ಬರುಬರುತ್ತಾ ಮೀಟಿಂಗಿಗೆ ಅಧ್ಯಕ್ಷರು, ನಾನು, ಆರಿದ ಕಾಫಿ, ಇಷ್ಟೇ ಉಳಿದೆವು. ಮುಚ್ಚಿಬಿಡೋಣ ಅಂತ ಬನಶಂಕರಿಯ ಒಂದು ಸಭೆಯ ಹಾಲ್‌ನಲ್ಲಿ ಎಲ್ಲರನ್ನೂ ಕರೆದೆವು. ಹಾಲ್ ತುಂಬಿಹೋಯಿತು! ವರ್ಷಗಟ್ಟಲೆ ಮುಖ ತೋರಿಸದವರೂ ಸತ್ತವರ ಮನೆಗೆ ಬಂದ ಹಾಗೆ ಬಂದಿದ್ದರು. ಠರಾವಿಗೆ ಎಲ್ಲರೂ ಕೈ ಎತ್ತಿದರು. ಗಾಲಿಕುರ್ಚಿಯಲ್ಲಿ ಕೂತಿದ್ದ ಅಧ್ಯಕ್ಷರು ತಲೆ ಎತ್ತಲಿಲ್ಲ.

"ಕೊನೇ ಆಶೀರ್ವಾದ ಹೇಳಿ ಮುಗಿಸೋಣ" ಅಂತ ಯಾರೋ ಅಂದರು. ಮೂವರು ಪಾಸ್ಟರುಗಳು ಒಟ್ಟಿಗೆ ಎದ್ದು ನಿಂತರು.

"ಮೊದಲು ಸೇರಿದ ಸಭೆ ನಮ್ದು, ನಾನು ಹೇಳ್ತೀನಿ."

"ಹಾಲ್ ನಮ್ದು ಸಾರ್!"

"ಇಷ್ಟು ವರ್ಷ ನಮಗೆ ಬರೀ ಸ್ವಾಗತ ಭಾಷಣ ಕೊಟ್ರಿ. ಇದಾದ್ರೂ ಬಿಡಲ್ಲ."

ಕತ್ತಲಾಗುವ ತನಕ ಜಗಳ. ಆಶೀರ್ವಾದ ಆಗದೆ ಒಕ್ಕೂಟ ಮುಚ್ಚಿದ ಲೆಕ್ಕವಲ್ಲ ಅಂತಾಯಿತು. ಯಾರು ಹೇಳಬೇಕು ಅಂತ ತೀರ್ಮಾನಿಸಲು ಸಭೆಗೊಬ್ಬರಂತೆ ಸೇರಿಸಿ ಸಬ್‌ಕಮಿಟಿ ಮಾಡಿದರು. ಅದು ಈಗಲೂ ತಿಂಗಳಿಗೊಮ್ಮೆ ಕೂರುತ್ತಿದೆ, ಒಬ್ಬರೂ ತಪ್ಪಿಸುವುದಿಲ್ಲ.

ಅಧ್ಯಕ್ಷರು ಆ ಮಳೆಗಾಲ ದಾಟಲಿಲ್ಲ. ಆದರೆ ಅವತ್ತು ಹಾಲ್‌ನಿಂದ ಹೊರಡುವಾಗ, ಗಾಲಿಕುರ್ಚಿ ತಳ್ಳುತ್ತಿದ್ದ ನನ್ನ ಕೈ ಹಿಡಿದು ಪಿಸುಗುಟ್ಟಿದ್ದರು:

"ಸಾರ್, ಆ ಸಬ್‌ಕಮಿಟಿಗೆ ನೀವೂ ಸೇರ್ಕೊಳ್ಳಿ, ಜಗಳ ಬಗೆಹರಿಯದ ಹಾಗೆ ನೋಡ್ಕೊಳ್ಳಿ. ಅಪ್ಪಿತಪ್ಪಿ ಯಾರಾದ್ರೂ ಒಪ್ಕೊಂಡುಬಿಟ್ಟಾರು!"