ಟವೆಲಿನ ಕೆಳಗೆ ಕುದುರಿದ ಫೋಟೋ

ನಮ್ಮ ಮಾಮನಿಗೆ ಹೆಣ್ಣು ನೋಡಿ ಒಪ್ಪಲು ಹಿಡಿದದ್ದು ಅರ್ಧ ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಕ್ಯಾಮರಾ ನೋಡಿ ಒಪ್ಪಲು ಹಿಡಿದದ್ದು ಎರಡು ವರ್ಷ! ಇದು ನನ್ನ ಮಾತಲ್ಲ. ಆ ಕಾಫಿ ತಂದುಕೊಟ್ಟ ಹೆಣ್ಣು, ಅಂದರೆ ನಮ್ಮ ಸೋದರತ್ತೆ, ಮನೆಗೆ ಬಂದವರಿಗೆಲ್ಲ ಹೇಳುವ ಮಾತು. "ನನ್ನೂ ಹಿಂಗೇ ತಿರುಗ್ಸಿ ಮುರುಗ್ಸಿ ನೋಡಿದ್ರೆ ಅಷ್ಟ್ರಲ್ಲಿ ನಾನು ತಪ್ಪಿಸ್ಕೊಂಡಿರ್ತಿದ್ದೆ ಕಣಮ್ಮ" ಎಂದು ಅತ್ತೆ ನಿಟ್ಟುಸಿರು ಬಿಟ್ಟರೆ, ಮಾಮ ಒಳಗಿನಿಂದಲೇ, "ಆವತ್ತು ಅವಸರ ಪಟ್ಟಿದ್ಕೇ ಇವತ್ತು ನಿಧಾನ ಕಲ್ತಿರೋದು" ಎಂದು ಉತ್ತರ ಕೊಡುತ್ತಾರೆ.

ಮಾಮನದು ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ. ಇಟ್ಟವರು ಅವರಪ್ಪ, ಕೂತವರು ಇವರು. ಹೆಗಲ ಮೇಲೆ ಸದಾ ಒಂದು ಟವೆಲು. ಅದು ಬೆವರು ಒರೆಸಲಿಕ್ಕಲ್ಲ, ವ್ಯಾಪಾರಕ್ಕೆ! ಹಳೆಯ ಮಂಡಿಗಳ ಪದ್ಧತಿ ಅದು: ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಕೈಕೈ ಹಿಡಿದುಕೊಂಡು, ಬೆರಳು ಒತ್ತಿ ಒತ್ತಿ ದರ ಕುದುರಿಸಬೇಕು. ಒಂದು ಬೆರಳು ಹಿಡಿದರೆ ಒಂದು, ಅಂಗೈ ಪೂರಾ ಹಿಡಿದರೆ ಐದು. ಪಕ್ಕದಲ್ಲಿ ನಿಂತವನಿಗೆ ತಿಳಿಯಬಾರದು, ಕೈ ಬಿಡುವ ತನಕ ಬಾಯಿ ಬಿಡಬಾರದು. ಈಗ ಎಲ್ಲರೂ ಫೋನಿನಲ್ಲೇ ದರ ಹೇಳಿ ಮುಗಿಸುತ್ತಾರೆ. ಮಾಮ ಮಾತ್ರ ಕೊತ್ತಂಬರಿ ಸೊಪ್ಪಿನವಳ ಮುಂದೆಯೂ ಟವೆಲು ಹರಡಲು ಹೋಗಿ ಅತ್ತೆಯ ಕೈಲಿ ಬೈಸಿಕೊಂಡಿದ್ದಾರೆ.

ಅವರ ಮಂಡಿಯ ಗೋಡೆಯ ಮೇಲೆ ಅವರಪ್ಪನ ಫೋಟೋ ಇದೆ. ಪಕ್ಕದಲ್ಲಿ ಒಂದು ಮೊಳೆ, ಖಾಲಿ. ಕ್ಯಾಲೆಂಡರ್ ತೂಗುಹಾಕೋಣವೆಂದರೆ ಬಿಡುವುದಿಲ್ಲ. "ಅದು ಬುಕ್ಕಾಗೈತೆ" ಎನ್ನುತ್ತಾರೆ. ಮೊಳೆಯನ್ನೂ ಬುಕ್ ಮಾಡಿಡುತ್ತಾರೆಯೇ? ಮಾಮ ಮಾಡಿಡುತ್ತಾರೆ ಎಂದುಕೊಂಡು ನಾವು ಸುಮ್ಮನಾಗಿದ್ದೆವು.

ಇಂಥವರಿಗೆ ಕ್ಯಾಮರಾ ಯಾಕೆ ಬೇಕಾಯಿತು? ಕಲ್ಯಾಣದುರ್ಗದಲ್ಲಿರುವ ಅಕ್ಕನ ಒಂದೇ ಒಂದು ಚೆನ್ನಾದ ಫೋಟೋ ತೆಗೆಯಲು. ಊರಿಗೆಲ್ಲ ದೊಡ್ಡಕ್ಕ ಎಂದೇ ಹೆಸರಾದ ಆ ಹೆಂಗಸು ಮಗ, ಸೊಸೆ, ಮೊಮ್ಮಕ್ಕಳ ಮೇಲೆ ಯಜಮಾನಿಕೆ ಮಾಡಿಕೊಂಡು ಗಟ್ಟಿಮುಟ್ಟಾಗಿದ್ದಾರೆ. ಹಾವಿಗೆ ಹೆದರುವುದಿಲ್ಲ, ಹಲ್ಲಿನ ಡಾಕ್ಟರಿಗೆ ಹೆದರುವುದಿಲ್ಲ. ಫೋಟೋಗೆ ಮಾತ್ರ ಹೆದರಿ ಓಡುತ್ತಾರೆ. "ಫೋಟೋ ತೆಗ್ಸ್ಕೊಂಡೋರೆಲ್ಲ ಈಗ ಗೋಡೆ ಮೇಲವ್ರೆ ಕಣಮ್ಮ. ನಾನು ನೆಲದ ಮೇಲೇ ಇರ್ತೀನಿ" ಎಂಬುದು ಅವರ ವಾದ. ಆಧಾರ್ ಕಾರ್ಡಿನಲ್ಲಿ ಒಂದು ಫೋಟೋ ಇದೆ ನಿಜ; ಅದರಲ್ಲಿ ಕಣ್ಣು ಮುಚ್ಚಿಕೊಂಡಿದ್ದಾರೆ.

"ಫೋನಲ್ಲೇ ತೆಗೀಬಹುದಲ್ಲ ಮಾಮ?" ಎಂದು ನಾನೂ ಕೇಳಿದೆ.

"ಫೋನು ಮುಖಕ್ಕೆ ಸುಣ್ಣ ಹೊಡೀತದೆ ಕಣಮ್ಮ. ಸುಕ್ಕೆಲ್ಲ ಅಳಿಸಿ ಸಿನಿಮಾದೋರ ತರ ಮಾಡ್ಬುಡ್ತದೆ. ನಂಗೆ ಅಕ್ಕ ಹೆಂಗವ್ಳೋ ಹಂಗೇ ಬೇಕು."

ಮೇಷ್ಟ್ರಮ್ಮನಾದ ನನಗೆ ಇಂಗ್ಲಿಷ್ ಓದಲು ಬರುತ್ತದೆಂಬ ಒಂದೇ ಅಪರಾಧಕ್ಕೆ ಈ ಕೇಸಿನಲ್ಲಿ ನನ್ನನ್ನೂ ಸೇರಿಸಿಕೊಂಡರು. ಸಂಜೆಯಾದರೆ ನಾನು ಇಂಟರ್‌ನೆಟ್ಟಿನಲ್ಲಿದ್ದದ್ದನ್ನು ಓದಿ ಹೇಳಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ಕೊನೆಗೆ ಎರಡು ಜಾತಿಯ ಕ್ಯಾಮರಾಗಳು ಉಳಿದವು. ಒಂದು, ಉದ್ದ ಮೂತಿಯ ಸೂಪರ್‌ಜೂಮ್: ಪೆನುಕೊಂಡೆಯ ಬೆಟ್ಟದ ಮೇಲಿನ ಮೇಕೆಯ ಗಡ್ಡವನ್ನೂ ಕೆಳಗಿನಿಂದಲೇ ಎಳೆದು ತೋರಿಸುತ್ತದೆ, ಆದರೆ ಒಳಗಿನ ಸೆನ್ಸರು ಮಾತ್ರ ಕಿರುಬೆರಳ ಉಗುರಿನಷ್ಟು. ಇನ್ನೊಂದು, ಜೇಬಿಗೆ ಹಿಡಿಯುವ ಪುಟ್ಟದು: ಒಳಗೆ ದೊಡ್ಡ ಸೆನ್ಸರು, ಮಬ್ಬುಗತ್ತಲಲ್ಲೂ ಚಿತ್ರ ಸ್ಪಷ್ಟ, ಆದರೆ ದೂರದ್ದನ್ನು ಎಳೆಯಲಾರದು, ನಾವೇ ಹತ್ತಿರ ಹೋಗಬೇಕು.

"ಸೆನ್ಸರು ಅಂದ್ರೆ ಏನು?" ಎಂದು ಅತ್ತೆ ಕೇಳಿದರು.

"ಗೋಣಿತಾಟು ಕಣೇ. ಹುಣಸೆಹಣ್ಣು ಒಣಗಾಕ್ತೀವಲ್ಲ, ಹಂಗೆ ಬೆಳಕು ಹರಡೋ ತಾಟು. ತಾಟು ದೊಡ್ದಾದಷ್ಟೂ ಮಾಲು ಚೆನ್ನಾಗಿರ್ತದೆ."

"ಹಂಗಾದ್ರೆ ದೊಡ್ಡ ತಾಟಿಂದೇ ತಗಳಿ."

"ಅದು ದೂರದಿಂದ ಎಳಿಯಲ್ವಲ್ಲೇ!"

"ಹಂಗಾದ್ರೆ ಎಳಿಯೋದೇ ತಗಳಿ."

"ಅದ್ರ ತಾಟು ಸಣ್ಣದಲ್ಲೇ!"

ಎರಡು ವರ್ಷ ಕಳೆದದ್ದು ಹೀಗೆ. ನಾನು ಸಂಕ್ಷಿಪ್ತವಾಗಿ ಹೇಳಿದ್ದೇನೆ.

ಕೊನೆಗೆ ಮಾಮ ಮಂಡಿಯ ನ್ಯಾಯಕ್ಕೇ ಬಂದರು. ಮೂಟೆಗೆ ಕೈ ಹಾಕದೆ ಮಾಲು ಕೊಳ್ಳಬಾರದು! ಪಕ್ಷಿಗಳ ಹುಚ್ಚಿದ್ದ ಪಶುವೈದ್ಯರೊಬ್ಬರ ಹತ್ತಿರ ಹೋಗಿ, ಹೊಸ ಹುಣಸೆಹಣ್ಣಿನ ದೊಡ್ಡ ಉಂಡೆಯೊಂದನ್ನು ಮುಂದಿಟ್ಟು, ಸೂಪರ್‌ಜೂಮನ್ನು ಕಡ ತಂದರು. ತಂದವರೇ ತಾರಸಿ ಹತ್ತಿದರು. ಕಾಗೆ ನೋಡಿದರು, ನೀರಿನ ಟ್ಯಾಂಕು ನೋಡಿದರು. ಹಾಗೇ ಮೂತಿ ತಿರುಗಿಸುತ್ತ ಹೋಗಿ, ಇದ್ದಕ್ಕಿದ್ದಂತೆ ಜೇಬಿನಿಂದ ಫೋನು ತೆಗೆದು ಕೂಗಿದರು: "ಅಮ್ಮಯ್ಯ, ಒಲೆ ಆರ್ಸು! ನಿಮ್ಮನೆ ಹಾಲು ಉಕ್ತಾ ಐತೆ!"

ಆಚೆ ಬೀದಿಯ ಕೊನೆಯಲ್ಲಿದ್ದ ಪರಿಚಯದವರ ಮನೆ ಅದು. ಆಕೆ ಓಡಿಹೋಗಿ ಒಲೆ ಆರಿಸಿದರಂತೆ. ಆಮೇಲೆ, ಮಂಡಿಯ ಯಜಮಾನರಿಗೆ ತಮ್ಮ ಹಾಲಿನ ಸುದ್ದಿ ಹೇಗೆ ತಿಳಿಯಿತು ಎಂದು ಯೋಚಿಸಿದರಂತೆ. ಸಂಜೆ ಆಕೆಯ ಗಂಡ ಕಣ್ಣು ಕೆಂಪಗೆ ಮಾಡಿಕೊಂಡು ಬಂದಾಗ ಮಾಮ ಕೇಳಿದ್ದು ಒಂದೇ ಪ್ರಶ್ನೆ: "ಹಾಲು ಉಳೀತೋ ಇಲ್ವೋ?" ಆ ವಾರ ನಮ್ಮ ಸುತ್ತಲಿನ ಅಡುಗೆಮನೆ ಕಿಟಕಿಗಳಿಗೆಲ್ಲ ಪರದೆ ಬಂತು. ಬೀದಿಯ ಬಟ್ಟೆಯಂಗಡಿಯವನೊಬ್ಬ ಮಾತ್ರ ಇವತ್ತಿಗೂ ಮಾಮನನ್ನು ಹೊಗಳುತ್ತಾನೆ.

ಅತ್ತೆ ಬಾಗಿಲಲ್ಲಿ ನಿಂತು, "ಮೊದ್ಲು ಅದನ್ನ ತಗೊಂಡ್ ಹೊಂಟೋಗಿ" ಎಂದಾಗ ಮಾಮ ಮತ್ತು ನಾನು ಕಲ್ಯಾಣದುರ್ಗದ ಬಸ್ಸು ಹತ್ತಿದೆವು. ಸೋಮಂದೇಪಲ್ಲಿ ದಾಟುವವರೆಗೂ ಯುದ್ಧತಂತ್ರದ ಪಾಠ. ದೊಡ್ಡಕ್ಕನ ಎದುರುಮನೆಯ ಮಾಳಿಗೆ ಹತ್ತಿ ಅಡಗಿ ಕೂರುವುದು. ಅವರು ಬಾಗಿಲಿಗೆ ಬಂದಾಗ ದೂರದಿಂದಲೇ ಮುಖ ಎಳೆದುಕೊಳ್ಳುವುದು. ತಂತ್ರವೇನೋ ಚೆನ್ನಾಗಿಯೇ ಇತ್ತು. ಆದರೆ ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಉದ್ದ ಮೂತಿಯದೊಂದು ಯಂತ್ರ, ಅದರ ಹಿಂದೆ ಬಿಳಿ ಅಂಗಿಯ ಗಂಭೀರ ಮನುಷ್ಯ: ಬೀದಿಯವರು ಏನೆಂದುಕೊಳ್ಳಬೇಕು?

"ಸಾರ್, ರೋಡ್ಡು ವೆಡಲ್ಪಾ?" ಎಂದು ಒಬ್ಬ ಮುದುಕ ಕೆಳಗಿನಿಂದ ತೆಲುಗಿನಲ್ಲಿ ಕೂಗಿದ. ರಸ್ತೆ ಅಗಲ ಮಾಡುತ್ತಾರೆಂಬ ಸುದ್ದಿ ಆ ಬೀದಿಯಲ್ಲಿ ಮೊದಲೇ ಓಡಾಡುತ್ತಿತ್ತಂತೆ. ಕ್ಷಣದಲ್ಲಿ ಜನ ಸೇರಿದರು. "ಮಾ ಮೆಟ್ಲು ಪೋತಾಯಾ ಸಾರ್?" ಎಂದು ಒಬ್ಬಾಕೆ ಹೋಗಲಿರುವ ತನ್ನ ಮೆಟ್ಟಿಲಿಗಾಗಿ ಅತ್ತೇಬಿಟ್ಟಳು. ಇನ್ನೊಬ್ಬ ಮೇಲೆ ಬಂದು ಕುರ್ಚಿ ಹಾಕಿ, ನಿಂಬೆ ಸೋಡಾ ಕೊಟ್ಟು, ತನ್ನ ಜಗಲಿಯನ್ನು ಮಾತ್ರ ಬಿಟ್ಟುಬಿಡಬೇಕೆಂದು ಕೈಮುಗಿದ. ಮಾಮ ಏನು ಮಾಡಿದರು? ಸೋಡಾ ಕುಡಿದರು!

ಗಲಾಟೆಗೆ ದೊಡ್ಡಕ್ಕ ಹೊರಗೆ ಬಂದರು. ಹಣೆಗೆ ಕೈಯಡ್ಡ ಹಿಡಿದು ಮೇಲೆ ನೋಡಿದರು. "ಅಯ್ಯೋ, ಸರ್ವೇನೂ ಇಲ್ಲ ಗಿರ್ವೇನೂ ಇಲ್ಲ, ಅವ್ನು ನನ್ ತಮ್ಮ ಕಣ್ರಪ್ಪಾ! ಲೇ, ಇಳಿಯೋ ಕೆಳಕ್ಕೆ, ರೊಟ್ಟಿ ಆರೋಯ್ತವೆ!" ಎಂದವರೇ ಸೆರಗು ಮುಖಕ್ಕೆ ಎಳೆದುಕೊಂಡು ಒಳಗೆ ಹೋದರು. ಆ ಗಡಿಬಿಡಿಯಲ್ಲಿ ಮಾಮ ಒತ್ತಿದ ಫೋಟೋದಲ್ಲಿ ಸಿಕ್ಕಿದ್ದು ದೊಡ್ಡಕ್ಕನ ಮೊಣಕೈ. ಅದೂ ಅಲುಗಾಡಿದ್ದು.

ಮುಂದಿನ ಸಲ ನನ್ನ ಸಹೋದ್ಯೋಗಿಯೊಬ್ಬರ ಪುಟ್ಟ ಕ್ಯಾಮರಾ ಕಡ ಬಂತು. ಈ ಬಾರಿ ದಾಳಿ ಅಡುಗೆಮನೆಯ ಒಳಗೇ. ದೊಡ್ಡಕ್ಕನ ಅಡುಗೆಮನೆಯಲ್ಲಿ ಹಗಲಲ್ಲೂ ಉಪ್ಪು ಯಾವುದು, ಸಕ್ಕರೆ ಯಾವುದು ಎಂದು ನೆಕ್ಕಿಯೇ ತಿಳಿಯಬೇಕು. ಅವರು ಕೂತು ಕಡಲೆಬೀಜ ಕೇರುತ್ತಿದ್ದರು. ಮಾಮ ನೀರು ಕುಡಿಯುವ ನೆಪದಲ್ಲಿ ಹೋಗಿ, ಜೇಬಿನಿಂದ ತೆಗೆದು, ಮುಖದ ಮುಂದೆ ಹಿಡಿದು ಒತ್ತಿಯೇಬಿಟ್ಟರು. ದೊಡ್ಡಕ್ಕ ಅದಕ್ಕಿಂತ ಅರೆಗಳಿಗೆ ಮೊದಲು ಮೊರ ಎತ್ತಿಬಿಟ್ಟಿದ್ದರು!

ಆ ಫೋಟೋ ನೋಡಬೇಕು ನೀವು. ಅಷ್ಟು ಕತ್ತಲಲ್ಲೂ ಬಿದಿರಿನ ಒಂದೊಂದು ಎಳೆ, ಸಾರಿಸಿದ ಸಗಣಿಯ ಒಂದೊಂದು ಬಿರುಕು, ಅಂಚಿಗೆ ಅಂಟಿದ ಕಡಲೆಸಿಪ್ಪೆ. ಪ್ರಪಂಚದಲ್ಲಿ ಮೊರಕ್ಕೆ ಇಂಥ ಫೋಟೋ ಯಾರೂ ತೆಗೆದಿರಲಾರರು. "ತಾಟು ಚೆನ್ನಾಗೈತೆ" ಎಂದರು ಮಾಮ. ಬಸ್ಸಿನಲ್ಲಿ ವಾಪಸು ಬರುವಾಗ ಮಾತ್ರ ಅವರು ಆ ಫೋಟೋವನ್ನೇ ತೆಗೆತೆಗೆದು ನೋಡುತ್ತಿದ್ದರು. ನಾನು ಎರಡು ಸಲ ಮೊರದ ಮಾತೆತ್ತಿ ನಗಿಸಲು ನೋಡಿದೆ. ನಗಲಿಲ್ಲ. ಮಾಮ ನಗದಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೊಂದು ಭಾನುವಾರ, "ಇವತ್ತು ತಗಂಡೇ ಬುಡಾನ ನಡಿಯಮ್ಮ" ಎಂದು ನನ್ನನ್ನು ಅನಂತಪುರಕ್ಕೆ ಹೊರಡಿಸಿದರು. ಗಾಜಿನ ಬಾಗಿಲಿನ, ಏಸಿಯ ಅಂಗಡಿ. ಟೈ ಕಟ್ಟಿದ ಸೇಲ್ಸ್‌ಮನ್ ಎರಡೂ ಕ್ಯಾಮರಾಗಳನ್ನು ಮುಂದಿಟ್ಟು, "ಏನು ತೆಗೀತೀರಿ ಸಾರ್? ಪಕ್ಷಿಗಳಾ, ಮನುಷ್ಯರಾ?" ಎಂದು ಕೇಳಿದ.

"ಓಡೋಗೋ ಮನುಷ್ಯರು."

"ಹಾಗಾದ್ರೆ ಜೂಮೇ ಸರಿ ಸಾರ್."

ಮಾಮ ಉದ್ದ ಮೂತಿಯದನ್ನು ಎತ್ತಿ ನೋಡಿದರು, ಇಳಿಸಿದರು. "ಇಲ್ಲ ಕಣಪ್ಪ. ಓಡೋಗೋರ್ನ ದೂರದಿಂದ ಹಿಡಿಯಾಕಾಗಲ್ಲ. ಹತ್ರ ಹೋಗಿ ಕೇಳ್ಬೇಕು" ಎಂದು ಪುಟ್ಟದರ ಮೇಲೆ ಕೈಯಿಟ್ಟರು. ಎರಡು ವರ್ಷದ ಪ್ರಶ್ನೆ ಅಲ್ಲಿಗೆ ಮುಗಿಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ, ಅವರು ಹೆಗಲ ಟವೆಲು ತೆಗೆದು ಸೇಲ್ಸ್‌ಮನ್ನಿನ ಕೈಮೇಲೆ ಹೊದಿಸಿ ಗಪ್ಪನೆ ಬೆರಳು ಹಿಡಿದರು!

ಆ ಹುಡುಗ ಕಿರುಚಿದ ಅಬ್ಬರಕ್ಕೆ ಫ್ರಿಜ್ಜಿನ ವಿಭಾಗದವರೂ ಓಡಿಬಂದರು. ಮಾಮ ಬೆರಳು ಬಿಡಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಪದ್ಧತಿ ಎಂದರೆ ಪದ್ಧತಿ. ನಾನು ಮಂಡಿ, ಹುಣಸೆಹಣ್ಣು, ಸಂಪ್ರದಾಯ ಎಂದೇನೇನೋ ಬಡಬಡಿಸಿ ಎಲ್ಲರಿಗೂ ಸಮಾಧಾನ ಹೇಳಬೇಕಾಯಿತು. ಕ್ಯಾಮರಾ ಚೀಟಿಯಲ್ಲಿ ಬರೆದ ದರಕ್ಕೇ ಬಂತು. ಅದರ ಜೊತೆ ಒಂದು ಚೀಲವನ್ನು ಬಿಟ್ಟಿ ಕೊಟ್ಟರು, ಬೇಗ ಹೋಗಲಿ ಎಂದು.

ಅಲ್ಲಿಂದ ನೇರವಾಗಿ ಕಲ್ಯಾಣದುರ್ಗ. ಈ ಸಲ ಅಡಗುವುದಿಲ್ಲ, ನೀರಿನ ನೆಪವಿಲ್ಲ. ಮಾಮ ಹೋಗಿ ನಡುಮನೆಯಲ್ಲಿ ದೊಡ್ಡಕ್ಕನ ಎದುರಿಗೆ ಕೂತು, ಕ್ಯಾಮರಾವನ್ನು ಇಬ್ಬರ ನಡುವೆ ಚಾಪೆಯ ಮೇಲಿಟ್ಟರು. ಟವೆಲು ತೆಗೆದು ತಮ್ಮ ಕೈಮೇಲೆ ಹಾಕಿಕೊಂಡು ಮುಂದೆ ಚಾಚಿದರು.

ದೊಡ್ಡಕ್ಕನಿಗೆ ನಗು ಬಂತು. ಅವರೂ ಮಂಡಿಯ ಮಗಳೇ ಅಲ್ಲವೆ? ಸೆರಗು ಸಿಕ್ಕಿಸಿಕೊಂಡು ಟವೆಲಿನ ಕೆಳಗೆ ಕೈಯಿಟ್ಟರು. ವ್ಯಾಪಾರ ಶುರುವಾಯಿತು. ಮಾಮ ಅಂಗೈ ಪೂರಾ ಹಿಡಿದಿರಬೇಕು, ದೊಡ್ಡಕ್ಕ ತಲೆಯಲ್ಲಾಡಿಸಿದರು. ಟವೆಲು ಕೊಸರಾಡಿತು. ಮತ್ತೆ ತಲೆಯಲ್ಲಾಡಿಸಿದರು. ನಾನು ನಗು ತಡೆಯಲಾರದೆ ಕಂಬಕ್ಕೆ ಒರಗಿ ನಿಂತಿದ್ದೆ.

ಆಗ ಮಾಮ ಪದ್ಧತಿ ಮುರಿದರು. ಕೈ ಹಿಡಿದಿದ್ದಂತೆಯೇ ಮಾತಾಡಿಬಿಟ್ಟರು.

"ಅಕ್ಕ, ನಂಗೆ ಅವ್ವನ ಮುಖ ಗೊತ್ತಿಲ್ಲ ಕಣೆ. ಎಲ್ರೂ ನೀನೇ ಅವ್ವನ ಪಡಿಯಚ್ಚು ಅಂತಾರೆ."

ನನ್ನ ನಗು ಎಲ್ಲಿ ಹೋಯಿತೋ. ಅವರ ತಾಯಿ ತೀರಿಕೊಂಡಾಗ ಮಾಮ ಇನ್ನೂ ಅಂಬೆಗಾಲಿಡುತ್ತಿದ್ದರೆಂದು, ಎತ್ತಿ ಸಾಕಿದವರು ದೊಡ್ಡಕ್ಕನೇ ಎಂದು ನನಗೆ ಗೊತ್ತಿತ್ತು. ಆ ತಾಯಿಯ ಒಂದು ಫೋಟೋ ಕೂಡ ಇಲ್ಲವೆಂಬುದು ನನಗೆ ಹೊಳೆದೇ ಇರಲಿಲ್ಲ. ಮಂಡಿಯ ಗೋಡೆಯ ಆ ಮೊಳೆ ಕಣ್ಣ ಮುಂದೆ ಬಂತು.

ದೊಡ್ಡಕ್ಕ ತಮ್ಮನ ಮುಖ ನೋಡಿದರು. ಆಮೇಲೆ ಟವೆಲು ಸರಿಸಿದರು. ಅವರ ಮುಷ್ಟಿಯಲ್ಲಿ ಮಾಮನ ಒಂದೇ ಒಂದು ಬೆರಳಿತ್ತು. ಒಂದು ಫೋಟೋ.

"ಇರು" ಎಂದು ಎದ್ದು ಒಳಗೆ ಹೋದರು. ಬಂದಾಗ ಹಣೆಯ ತುಂಬ ಅಗಲವಾಗಿ ವಿಭೂತಿ ಬಳಿದಿದ್ದರು. ಸೆರಗನ್ನು ತಲೆಯ ಮೇಲೆ ಎಳೆದು ಕಿವಿಯ ಹಿಂದೆ ಸಿಕ್ಕಿಸಿದರು. "ಅವ್ವ ಹಿಂಗೇ ಹೊದ್ಕಂತಿದ್ಲು." ಕೂತವರು ಏನೋ ನೆನೆಸಿಕೊಂಡು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. "ಅವ್ವಂಗೆ ಕನ್ನಡಕ ಇರ್ಲಿಲ್ಲ ಕಣಮ್ಮ."

ಮಾಮ ಕ್ಯಾಮರಾ ಎತ್ತಿದರು, ಆದರೆ ಒತ್ತಲಿಲ್ಲ. ಸುಮ್ಮನೆ ನೋಡುತ್ತ ಕೂತರು. "ಒತ್ತೋ, ಕುತ್ಗೆ ನೋಯ್ತದೆ" ಎಂದು ದೊಡ್ಡಕ್ಕ ಗದರಿ ನಕ್ಕರು. ಆ ನಗುವಿಗೆ ಮಾಮ ಒತ್ತಿದರು.

ಆ ಫೋಟೋ ಈಗ ಆ ಮೊಳೆಯ ಮೇಲಿದೆ. ಮಾಮ ದಿನವೂ ಅಪ್ಪನ ಫೋಟೋಗೆ ಹಾಕುವ ಹೂವನ್ನು ಅದಕ್ಕೂ ಹಾಕುತ್ತಾರೆ. ಹೋದ ತಿಂಗಳು ದೊಡ್ಡಕ್ಕ ನಾಮಕರಣವೊಂದಕ್ಕೆ ಹಿಂದೂಪುರಕ್ಕೆ ಬಂದವರು ಮಂಡಿಗೆ ಬರುತ್ತೇನೆಂದಾಗ ಅತ್ತೆಯೂ ನಾನೂ ಮುಖ ಮುಖ ನೋಡಿಕೊಂಡೆವು. ಗೋಡೆಗೆ ಹೆದರುವ ಹೆಂಗಸು ತನ್ನ ಮುಖಕ್ಕೇ ಹೂವಿನ ಹಾರ ಬಿದ್ದಿರುವುದನ್ನು ನೋಡಿದರೆ? ಮಾಮ ಹುಣಸೆಹಣ್ಣಿನ ಮೂಟೆಗಳ ಹಿಂದೆ ಅಡಗುವ ಹಾಗೆ ನಿಂತಿದ್ದರು.

ದೊಡ್ಡಕ್ಕ ಒಳಗೆ ಬಂದರು. ತಲೆಯೆತ್ತಿ ಅಪ್ಪನ ಫೋಟೋ ನೋಡಿದರು, ಪಕ್ಕದ್ದನ್ನು ನೋಡಿದರು. ಬೈಗುಳಕ್ಕೆ ನಾವೆಲ್ಲ ಕಾದೆವು. ಅವರು ಕಾಲಿನ ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿದರು, ಸೆರಗು ಸರಿಮಾಡಿಕೊಂಡರು, ತಮ್ಮದೇ ಫೋಟೋದ ಮುಂದೆ ಎರಡೂ ಕೈ ಜೋಡಿಸಿದರು.

"ಬಂದ್ಯಾ ಅವ್ವ?" ಎಂದರು.