ಅಲುಗಾಡದ ರೈತ

ಈಗಲಾದರೂ ಹೇಳಿಬಿಡಲೇ? ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಹನ್ನೊಂದು ಗಂಟೆಗೆ ಮಾನ ಹೋಗುತ್ತದೆ. ರಾವಂದೂರಿನ ರಸ್ತೆಯಲ್ಲಿ ಬೈಕು ಓಡಿಸುತ್ತ ಮಹೇಂದ್ರ ಇದನ್ನೇ ತಿರುತಿರುಗಿ ಯೋಚಿಸುತ್ತಿದ್ದ.

ಬೆಳೆಗೆ ಹೊಡೆಯುವ ಔಷಧಿ ತಯಾರಿಸುವ ದೊಡ್ಡ ಕಂಪನಿಯೊಂದರಲ್ಲಿ ಅವನು ಒಂಬತ್ತು ವರ್ಷದಿಂದ ಗುತ್ತಿಗೆ ನೌಕರ. ಕಾಯಂ ಆಗುವ ಸರದಿ ಈ ತಿಂಗಳು ಬಂದಿತ್ತು. ಕಂಪನಿ ಹಂಚಿದ ಬಿಳಿ ಅಂಗಿ, ಕನ್ನಡಕ, ಮುಖಗವಸು, ಕೈಗವಸು ತೊಟ್ಟು ರೈತರು ಔಷಧಿ ಹೊಡೆಯುವ ಫೋಟೋವನ್ನು ವಾರಕ್ಕೊಮ್ಮೆ ಆ್ಯಪ್‌ಗೆ ಹಾಕಬೇಕು. ತೊಡುವವರು ಯಾರೂ ಇರಲಿಲ್ಲ. ಒಂದು ಶನಿವಾರ, ಐದು ಗಂಟೆಯ ಗಡುವಿಗೆ ಹತ್ತು ನಿಮಿಷವಿದ್ದಾಗ, ರಾವಂದೂರಿನ ರೈತ ಕುಳ್ಳಯ್ಯನ ಜೋಳದ ಹೊಲದಲ್ಲಿ ಅಷ್ಟನ್ನೂ ತೊಟ್ಟು ನಿಂತವನೊಬ್ಬ ಕಂಡ. ಹತ್ತಿರ ಹೋದರೆ ಬೆದರುಬೊಂಬೆ, ಊರವರ ಬೆರ್ಚಪ್ಪ! ಮಹೇಂದ್ರ ಫೋಟೋ ತೆಗೆದು ಕುಳ್ಳಯ್ಯನ ಹೆಸರಿನಲ್ಲಿ ಆ್ಯಪ್‌ಗೆ ಹಾಕಿದ. ಮುಂದಿನ ವಾರವೂ ತೆಗೆದ. ಎಂಟು ವಾರದಲ್ಲಿ ಕಂಪನಿಯ ಲೆಕ್ಕದಲ್ಲಿ ಕುಳ್ಳಯ್ಯ ರಾಜ್ಯಕ್ಕೇ ಮೊದಲ ಸುರಕ್ಷಿತ ರೈತನಾಗಿಬಿಟ್ಟ. ಇಂದು ಹನ್ನೊಂದಕ್ಕೆ ಅವನಿಗೆ ಶಾಲು ಹೊದಿಸಲು ಬೆಂಗಳೂರಿನಿಂದ ಕಂಪನಿಯ ಸಾಹೇಬರೇ ಬರುತ್ತಿದ್ದರು.

"ಕುಳ್ಳಯ್ಯಣ್ಣ, ಒಂದ್ ಗಂಟೆ ಆ ಬಟ್ಟೆ ಹಾಕ್ಕಳಿ, ನಿಮ್ಮ ದಮ್ಮಯ್ಯ," ಹೊಲ ತಲುಪಿದವನೇ ಮಹೇಂದ್ರ ಅಂಗಲಾಚಿದ.

"ಬೆರ್ಚಪ್ಪನ್ ಬಟ್ಟೆ ಬಿಚ್ಚಿ ನಾನ್ ಇಕ್ಕಬೇಕಾ? ನಿಂಗೇನ್ ಬಂತ್ಲಾ!"

"ಬಿಚ್ಚುದ್ರೆ ಗಿಳಿ ಬಂದು ತೆನೆ ತಿಂದಾಕ್ತವೆ," ಎಂದಳು ಕುಳ್ಳಯ್ಯನ ಹೆಂಡತಿ ರಾಮಮ್ಮ. "ನಿಮ್ ಕಂಪ್ನಿ ಕೊಟ್ಟಿದ್ರಲ್ಲಿ ಉಪ್ಯೋಗಕ್ಕೆ ಬಂದಿರದು ಅದೊಂದೇ ಕಣಪ್ಪ."

ಪಕ್ಕದ ಹೊಲದ ಸ್ವಾಮಿ ಬೇಲಿಯ ಮೇಲೆ ಕತ್ತು ಚಾಚಿದ. "ಬೆರ್ಚಪ್ಪಂಗೇ ಸಾಲು ಒದ್ಸುಬುಡಿ ಸಾ. ಅವ್ನಾದ್ರೆ ಬಾಯ್ ಬುಡಾಕಿಲ್ಲ."

ಅಷ್ಟರಲ್ಲಿ ಕಾರಿನ ಧೂಳು ಕಾಣಿಸಿತು. ಕುಳ್ಳಯ್ಯ ಗೊಣಗುತ್ತಲೇ ಕಾಗೆಯ ಹಿಕ್ಕೆ ಮೆತ್ತಿದ ಅಂಗಿಯೊಳಗೆ ತೂರಿಕೊಂಡ. ರಾಮಮ್ಮ ಬೋಳು ಕೋಲಿಗೆ ತನ್ನ ಹಳೇ ಸೀರೆ ಸುತ್ತಿದಳು. ಸಾಹೇಬರು ಇಳಿದವರೇ ಮೊದಲು ಆ ಸೀರೆಗೆ ಕೈಮುಗಿದರು.

ಕುಳ್ಳಯ್ಯ ಎರಡೂ ಕೈ ಚಾಚಿಕೊಂಡು ನೆಟ್ಟಗೆ ನಿಂತಿದ್ದ.

"ಕೈ ಇಳ್ಸಣ್ಣೋ," ಮಹೇಂದ್ರ ಪಿಸುಗುಟ್ಟಿದ.

"ಒಳ್ಗಡೆ ಗೊದ್ದದ ಇರ್ವೆ ಅವೆ ಕಣ್ಲಾ. ಅಲ್ಲಾಡುದ್ರೆ ಕಚ್ತವೆ."

"ಥೇಟ್ ಫೋಟೋದಲ್ಲಿ ಇದ್ದ ಹಾಗೇ!" ಸಾಹೇಬರು ಹಿಗ್ಗಿಹೋದರು. ಶಾಲು ಹೊದಿಸಿ, ಬೆವರು ಒರೆಸಿಕೊಂಡು ಕೇಳಿದರು: "ಸೆಖೆ ಅಂತ ಯಾರೂ ದೂರಲ್ವಾ ಮಹೇಂದ್ರ?"

ಮಹೇಂದ್ರನ ಬಾಯಿ ಒಂದು ಕ್ಷಣ ತೆರೆಯಿತು. ಸ್ವಾಮಿ ಬೇಲಿಯ ಆಚೆ ಕೆಮ್ಮಿದ.

"ಇಲ್ಲ ಸರ್."

"ಗೊತ್ತಿತ್ತು! ಇಲ್ಲಿನ ರೈತರು ತಾವೇ ಕಲಿತುಬಿಟ್ಟಿದ್ದಾರೆ. ಇನ್ನು ಈ ಹೋಬಳಿಗೆ ನಮ್ಮ ಸಿಬ್ಬಂದಿ ಬೇಕಾಗಿಲ್ಲ. ನಿಮ್ಮ ಹುದ್ದೆ ತಿಂಗಳ ಕೊನೆಗೆ ಮುಗಿಸ್ತಿದ್ದೀವಿ. ಇದು ನಿಮ್ಮದೇ ಗೆಲುವು, ಕಂಗ್ರಾಟ್ಸ್!"

ಕಾರು ಹೋಯಿತು. ರಾಮಮ್ಮ ಬೆರ್ಚಪ್ಪನಿಗೆ ಬಟ್ಟೆ ತೊಡಿಸಿ ಮೇಲೆ ಶಾಲನ್ನೂ ಹೊದಿಸಿದಳು. ಕುಳ್ಳಯ್ಯ ಕೈ ಕೆರೆದುಕೊಳ್ಳುತ್ತ ಕೂತ. ಬರಿಗೈಯಲ್ಲಿ ಔಷಧಿ ಕಲಸಿ ಕಲಸಿ ಅವನ ಬೆರಳ ಸಂದುಗಳು ಬಿರಿದಿದ್ದವು. ಮಹೇಂದ್ರ ಅವನ್ನು ಇಂದು ಮೊದಲ ಸಲ ಸರಿಯಾಗಿ ನೋಡಿದ.

"ನಿಂಗೇನ್ ಕೊಟ್ರುಲಾ?" ಕುಳ್ಳಯ್ಯ ಕೇಳಿದ.

ಮಹೇಂದ್ರ ಬೈಕು ಹತ್ತಿದ. ಈ ಬಟ್ಟೆ ತೊಟ್ಟು ನಮ್ಮ ಬಿಸಿಲಿನಲ್ಲಿ ಯಾರೂ ಕೆಲಸ ಮಾಡಲಾರರು, ಬೇರೆ ಏನಾದರೂ ಕೊಡಿ ಎಂದು ಅವನು ಒಂಬತ್ತು ವರ್ಷದಲ್ಲಿ ಒಂದು ಸಲವೂ ಕಂಪನಿಗೆ ಹೇಳಿರಲಿಲ್ಲ.