ಹಗೇವಿಗಿಳಿದ ಬ್ಯಾಟರಿ

ಪಂಚಾಕ್ಷರಪ್ಪ ಮೇಷ್ಟ್ರ ಅಂಗಿಯ ಜೇಬು ಆ ದಿನ ಬೆಳಗ್ಗೆ ನಾಲ್ಕನೆಯ ಸಲ ಹರಿಯಿತು. ಜೇಬು ತಾನೇ ಎಂದು ಸುಮ್ಮನಿರುವ ಹಾಗಿರಲಿಲ್ಲ. ಇದ್ದದ್ದೊಂದೇ ಒಳ್ಳೆಯ ಅಂಗಿ, ಹನ್ನೊಂದು ಗಂಟೆಗೆ ತರೀಕೆರೆಯಿಂದ ಸ್ಕೂಲ್ ಇನ್ಸ್‌ಪೆಕ್ಟರು ಬರುವವರಿದ್ದರು. ಹರಿಯಲು ಕಾರಣ ಜೇಬಿನೊಳಗಿದ್ದ ಹಿತ್ತಾಳೆಯ ಟಾರ್ಚು. ಉದ್ದದಲ್ಲಿ ಗೇಣೂ ಇಲ್ಲ, ತೂಕದಲ್ಲಿ ಮಾತ್ರ ಒರಳುಗುಂಡಿನ ತಮ್ಮ.

ಬೆಂಗಳೂರಿನ ದಂಡಿನಲ್ಲಿ ಕೆಲಸಕ್ಕಿದ್ದ ಭಾವಮೈದುನ ಎರಡು ವರ್ಷದ ಹಿಂದೆ ಅದನ್ನು ತಂದುಕೊಟ್ಟಿದ್ದ. "ಹುಳಹುಪ್ಪಟೆ ಇರೋ ಊರು, ದಿನಾ ಜೇಬಲ್ಲಿ ಇಟ್ಕಂಡೇ ಇರ್ರೀ" ಎಂದು ಹೆಂಡತಿ ಕರಿಬಸಮ್ಮ ಆಣೆ ಮಾಡಿಸಿಕೊಂಡಿದ್ದಳು. ಈ ಎರಡು ವರ್ಷದಲ್ಲಿ ಮೇಷ್ಟ್ರು ತಮ್ಮ ಸ್ವಂತಕ್ಕೆಂದು ಅದನ್ನು ಹೊತ್ತಿಸಿದ್ದು ಒಂದೇ ಸಲ. ಕೆಳಗೆ ಬಿದ್ದ ಅದರದೇ ಗಾಜಿನ ಮುಚ್ಚಳವನ್ನು ಹುಡುಕಲು. ಮಿಕ್ಕದ್ದೆಲ್ಲ ಊರವರ ಸೇವೆ. ಕಿವಿಯಲ್ಲಿ ಏನೋ ಹೊಕ್ಕಿದೆ ಎಂದವರಿಗೆ, ಅಟ್ಟದ ಮೂಲೆಯಲ್ಲಿ ಬೆಕ್ಕು ಮರಿ ಹಾಕಿದೆಯೇ ಎಂದು ನೋಡಬೇಕಾದವರಿಗೆ, ಏನೂ ಕೆಲಸವಿಲ್ಲದೆ ಸುಮ್ಮನೆ ಬೆಳಕು ನೋಡಬೇಕೆನಿಸಿದವರಿಗೆ. ಸೆಲ್ಲು ಮುಗಿದರೆ ಬೀರೂರಿಗೆ ಹೋಗಿ ತರಬೇಕಾದವರು ಮಾತ್ರ ಮೇಷ್ಟ್ರೇ. ಇಂಥದ್ದನ್ನು ದಿನಾ ಹೊತ್ತು ತಿರುಗುವುದರಿಂದ ಯಾರಿಗೆ ಏನು ಬಂತು ಎಂದು ಅವರು ಜೇಬು ಹೊಲಿಯುವಾಗಲೆಲ್ಲ ಯೋಚಿಸುತ್ತಿದ್ದರು. ಇಂದು ಯೋಚಿಸಲೂ ಪುರಸತ್ತಿರಲಿಲ್ಲ. ನಾಲ್ಕು ಹೊಲಿಗೆ ಹಾಕಿ, ಆಣೆಗೆ ಹೆದರಿ ಮತ್ತೆ ಅದನ್ನೇ ಒಳಗೆ ತುರುಕಿ ಹೊರಟರು.

ಆ ದಿನ ಅವರ ಮನಸ್ಸೆಲ್ಲ ಕಡೂರಿನಲ್ಲಿತ್ತು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಕಾಲು ಮುರಿದು ಹಾಸಿಗೆ ಹಿಡಿದ ಅತ್ತೆ ಎಲ್ಲರೂ ಅಲ್ಲಿ. ಮೇಷ್ಟ್ರು ನಾಲ್ಕು ವರ್ಷದಿಂದ ಒಬ್ಬರೇ ಇಲ್ಲಿ, ಅಜ್ಜಂಪುರದಿಂದ ಮೂರು ಮೈಲಿ ಆಚೆಯ ಕಲ್ಲುಬಾವಿಹಳ್ಳಿಯಲ್ಲಿ, ತಾವೇ ಬೇಯಿಸಿದ ಅರೆಬೆಂದ ಅನ್ನ ತಿಂದುಕೊಂಡು. ಶನಿವಾರ ಅಜ್ಜಂಪುರಕ್ಕೆ ನಡೆದು, ರೈಲು ಹತ್ತಿ, ಬೀರೂರಿನಲ್ಲಿ ಇಳಿದು ಕಾದು, ಮತ್ತೊಂದು ಹತ್ತಿ ಕಡೂರು ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಭಾನುವಾರ ಉಂಡ ಕೈ ಒಣಗುವ ಮೊದಲೇ ವಾಪಸ್ಸು. ಚಿಕ್ಕ ಮಗಳು ಅವರನ್ನು ಬಾಗಿಲಲ್ಲಿ ಕಂಡರೆ "ಅಮ್ಮಾ, ಮೇಷ್ಟ್ರು ಬಂದ್ರು" ಎಂದು ಕೂಗುತ್ತಿದ್ದಳು. ಆ ಮಾತು ಅವರ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಈಗ ಕಡೂರಿನ ಸ್ಕೂಲಿನಲ್ಲಿ ಒಂದು ಜಾಗ ಖಾಲಿಯಾಗಿದೆ. ಶಾಲೆ ನೋಡಿ ತೃಪ್ತಿಯಾದರೆ ವರ್ಗದ ಅರ್ಜಿಗೆ ಅಲ್ಲೇ ರುಜು ಹಾಕುವುದಾಗಿ ಇನ್ಸ್‌ಪೆಕ್ಟರು ಕಾಗದ ಬರೆದಿದ್ದರು. ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಹನ್ನೊಂದಕ್ಕೆ ಬಾಗಿಲಲ್ಲಿ ಕೈಮುಗಿದು ನಿಂತಿದ್ದರೆ ಸಾಕಾಗಿತ್ತು.

ಬೀದಿಗೆ ಕಾಲಿಟ್ಟರೋ ಇಲ್ಲವೋ, ಜಗಲಿಯಿಂದ ಪಾಪಮ್ಮಜ್ಜಿ ಕರೆದಳು.

"ಮೇಷ್ಟ್ರೇ, ನಿಮ್ ಬ್ಯಾಟ್ರಿ ಒಸಿ ಬಾಯಿಗೆ ಬಿಡಿ. ಹಲ್ಲು ಸಾಯ್ಸ್ತಾ ಐತೆ."

"ಇವತ್ತು ಇನ್ಸ್‌ಪೆಕ್ಟ್ರು ಬರ್ತಾರೆ ಅಜ್ಜೀ."

"ಅವರ ಹಲ್ಲು ಸಾಯಂಕಾಲ ನೋಡೀರಂತೆ. ಮೊದ್ಲು ನನ್ದು ನೋಡಿ."

ಅಜ್ಜಿಯ ಬಾಯಲ್ಲಿ ಉಳಿದಿದ್ದದ್ದು ಮೂರೇ ಹಲ್ಲು. ಮೇಷ್ಟ್ರು ಬೆಳಕು ಬಿಟ್ಟು ನೋಡಿ, ಎಡಗಡೆಯದು ಹುಳುಕಾಗಿದೆ ಎಂದು ಹೇಳಿ ಆರಿಸಿದರು. ಅಜ್ಜಿ ಕೈ ಬಿಡಲಿಲ್ಲ.

"ಆರಿಸ್ಬೇಡಿ ಕಣ್ರೀ. ಇನ್ನೂ ನೋವು ಹೋಗಿಲ್ಲ."

"ಇದು ಬೆಳಕು ಅಜ್ಜೀ, ಔಷಧಿ ಅಲ್ಲ."

"ಹೋದ ಸಲ ಹೋಗಿತ್ತು. ಇನ್ನೊಂದು ಗಳಿಗೆ ಬಿಡಿ, ಜಿಪುಣತನ ಮಾಡ್ಬೇಡಿ."

ಜಿಪುಣ ಎಂಬ ಮಾತಿಗೆ ಅಂಜಿ ಮೇಷ್ಟ್ರು ಅಜ್ಜಿಯ ಬಾಯಿಗೆ ಬೆಳಕು ಹಿಡಿದು ನೂರರವರೆಗೆ ಎಣಿಸಿದರು. ಅಲ್ಲಿಂದ ಹತ್ತು ಹೆಜ್ಜೆ ಹೋಗುವುದರಲ್ಲಿ ದೇವೀರಪ್ಪ ಅಡ್ಡ ಬಂದ. ಅವನ ಎತ್ತು ಅವನ ಹೆಗಲ ಮೇಲಿನ ಚೌಕವನ್ನು ನುಂಗಿಬಿಟ್ಟಿತ್ತಂತೆ. ಎಲ್ಲಿಯವರೆಗೆ ಇಳಿದಿದೆ ಎಂದು ನೋಡಿ ಹೇಳಿದರೆ ಸಾಕು, ಎಳೆಯುವುದು ತನ್ನ ಕೆಲಸ ಎಂದ. ದೇವೀರಪ್ಪ ಎತ್ತಿನ ದವಡೆ ಬಿಡಿಸಿ ಹಿಡಿದ, ಮೇಷ್ಟ್ರು ಬಗ್ಗಿ ಬೆಳಕು ಬಿಟ್ಟರು. ಎತ್ತಿಗೂ ಅಂದು ಸಾಕಾಗಿತ್ತೋ ಏನೋ, ಅವರ ಮುಖ, ಎದೆಯ ಮೇಲೆ ಒಂದು ಸಲ ಪೂರ್ತಿ ಮನಸ್ಸಿನಿಂದ ಸೀನಿತು. ಮೇಷ್ಟ್ರು ಕಣ್ಣೊರೆಸಿಕೊಂಡು ನೋಡಿದರೆ ಚೌಕ ದೇವೀರಪ್ಪನ ಸೊಂಟಕ್ಕೇ ಬಿಗಿದಿತ್ತು.

"ಅಯ್ಯೋ, ಇಲ್ಲೇ ಐತಲ್ಲ! ನೋಡಿದ್ರಾ, ಬ್ಯಾಟ್ರಿ ಬಿಟ್ಟಿದ್ದಕ್ಕೆ ಸಿಕ್ತು" ಎಂದು ದೇವೀರಪ್ಪ ಸಂತೋಷಪಟ್ಟ.

ಮೇಷ್ಟ್ರಿಗೆ ಬೈಯುವ ಶಕ್ತಿಯೂ ಉಳಿದಿರಲಿಲ್ಲ. ಎತ್ತಿನ ಜೊಲ್ಲನ್ನು ಒರೆಸಿಕೊಳ್ಳುತ್ತ ಶಾಲೆಯ ಕಡೆ ತಿರುಗಿದವರ ರಟ್ಟೆಗೆ ಪಟೇಲ ಕಲ್ಲೇಶಪ್ಪನವರು ಕೈಹಾಕಿದರು. ಪಟೇಲರ ಕೈ ಬಿದ್ದ ಮೇಲೆ ಆ ಊರಿನಲ್ಲಿ ಯಾರೂ ತಮಗೆ ಬೇಕಾದ ಕಡೆ ಹೋದದ್ದಿಲ್ಲ.

"ಇನ್ಸ್‌ಪೆಕ್ಟ್ರಿಗೆ ಊಟ ನಮ್ಮನೇಲಿ ಮೇಷ್ಟ್ರೇ. ಅವ್ರಿಗೆ ಹಳೇ ರಾಗಿ ಮುದ್ದೆ ಅಂದ್ರೆ ಪ್ರಾಣವಂತೆ. ಅದಕ್ಕೇ ಹಗೇವು ತೆಗೆಸಿದೀನಿ. ಬನ್ನಿ, ನಿಮ್ ಬ್ಯಾಟ್ರಿ ಬೇಕು."

ಪಟೇಲರ ಮನೆಯ ಅಂಗಳದಲ್ಲಿ ಆಗಲೇ ಜಾತ್ರೆಯಂತೆ ಜನ ಸೇರಿದ್ದರು. ನಡುವೆ ಹಗೇವಿನ ಬಾಯಿ ತೆರೆದಿತ್ತು. ಮೂರು ವರ್ಷದ ಹಿಂದೆ ಅರ್ಧಕ್ಕೆ ರಾಗಿ ತುಂಬಿ, ಚಪ್ಪಡಿ ಎಳೆದು, ಮಣ್ಣು ಮೆತ್ತಿದ್ದ ನೆಲದ ಕಣಜ ಅದು. ಅಷ್ಟು ಕಾಲ ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟು ವಿಷವಾಗಿ ನಿಂತಿರುತ್ತದೆ. ಹಾಗಾಗಿ ಅಜ್ಜಂದಿರ ಕಾಲದಿಂದಲೂ ಒಂದು ಪದ್ಧತಿ. ಉರಿಯುವ ಎಣ್ಣೆ ದೀಪವನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಡುತ್ತಾರೆ. ದೀಪ ಉರಿಯುತ್ತಿದ್ದರೆ ಆಳು ಇಳಿಯುತ್ತಾನೆ, ಆರಿದರೆ ಬಾಯಿ ತೆರೆದಿಟ್ಟು ಕಾಯುತ್ತಾರೆ. ಈ ಪದ್ಧತಿಯಿಂದ ಆ ಊರಿನಲ್ಲಿ ಒಂದು ಕೋಳಿಯೂ ಸತ್ತಿರಲಿಲ್ಲ.

"ಸಾಹೇಬ್ರು ಬರೋ ದಿನ ಹರಳೆಣ್ಣೆ ದೀಪ ಯಾಕೆ? ಮರ್ಯಾದೆಯಾಗಿ ಬ್ಯಾಟ್ರೀನೇ ಇಳಿಬಿಡಾಣ" ಎಂದರು ಪಟೇಲರು.

ಮೇಷ್ಟ್ರು ಟಾರ್ಚು ಹೊತ್ತಿಸಿ ಕೊಟ್ಟುಬಿಟ್ಟರು. ಕೊಡಬಾರದಿತ್ತು. ಆದರೆ ಮನುಷ್ಯ ದಣಿದಾಗ ತಲೆಯೂ ಬಾಗಿಲು ಹಾಕಿಕೊಳ್ಳುತ್ತದೆ, ಅವರ ಕಣ್ಣು ನೆತ್ತಿಗೇರುತ್ತಿದ್ದ ಸೂರ್ಯನ ಮೇಲಿತ್ತು. ಅಷ್ಟರಲ್ಲಿ ಶಾಲೆಯಲ್ಲಿ ಕೂತಿದ್ದ ಇಪ್ಪತ್ತಮೂರು ಮಕ್ಕಳೂ ಸ್ಲೇಟು ಬಿಸಾಕಿ ಓಡಿಬಂದು ಹಗೇವಿನ ಸುತ್ತ ನಿಂತವು. ಇನ್ಸ್‌ಪೆಕ್ಟರು ನೋಡಬೇಕಾಗಿದ್ದ ಸಾಲು ಇಲ್ಲಿ ಪಟೇಲರ ಅಂಗಳದಲ್ಲಿ ಆಗಿಹೋಯಿತು.

ಹಗ್ಗಕ್ಕೆ ಕಟ್ಟಿದ ಟಾರ್ಚು ಇಳಿಯಿತು. ಹಗೇವಿನ ಒಳಗೆಲ್ಲ ಹಗಲಾಯಿತು, ಕೆಳಗಿನ ರಾಗಿ ಕಾಳುಕಾಳಾಗಿ ಕಂಡಿತು.

"ಆರಿಲ್ಲ! ಒಂಚೂರೂ ಮಂಕಾಗಿಲ್ಲ!" ಎಂದು ಪಟೇಲರು ಕುಣಿದರು. "ಇಳಿಯೋ ಬೀರಪ್ಪ!"

ಬೀರಪ್ಪ ಹಗೇವಿಗೆ ಇಳಿಯುವುದರಲ್ಲಿ ಪಳಗಿದ ಆಳು. ಪಂಚೆ ಎತ್ತಿಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಒಂದು ಕಾಲು ಒಳಗೆ ಇಳಿಬಿಟ್ಟ. ಅಂಗಿಯ ಜೊಲ್ಲು ಒರೆಸುತ್ತಿದ್ದ ಮೇಷ್ಟ್ರು ತಲೆಯೆತ್ತಿ ಅದನ್ನು ಕಂಡರು. ಕೂಡಲೇ ಕೂಗಿದರು.

"ಬೀರಪ್ಪಾ, ಇಳೀಬೇಡ!"

"ಯಾಕ್ ಸ್ವಾಮಿ? ದೀಪ ಉರೀತಾ ಐತಲ್ಲ."

"ಅದು ಗಾಳಿ ಇಲ್ದಿದ್ರೂ ಉರಿಯುತ್ತೆ ಕಣೋ!"

"ಹಂಗಾದ್ರೆ ಇನ್ನೂ ಗಟ್ಟಿ ದೀಪ ಆಯ್ತಲ್ಲ."

"ದೀಪ ಗಟ್ಟಿ ಕಣೋ, ನೀನು ಗಟ್ಟಿ ಅಲ್ಲ!"

ಬೀರಪ್ಪ ಪಟೇಲರ ಮುಖ ನೋಡಿದ. ಪಟೇಲರು ಇಳಿ ಎಂದು ಕೈಸನ್ನೆ ಮಾಡಿದರು. ಅವನು ಎರಡನೆಯ ಕಾಲನ್ನೂ ಎತ್ತಿದ. ಇನ್ನು ಮಾತಿನಲ್ಲಿ ಫಲವಿಲ್ಲವೆಂದು ಮೇಷ್ಟ್ರು ಓಡಿಹೋಗಿ ಅವನ ಜುಟ್ಟು ಹಿಡಿದು ಎಳೆದರು. ಇಬ್ಬರೂ ಮಣ್ಣಿನಲ್ಲಿ ಉರುಳಿದರು, ಜೇಬಿನ ಜೊತೆಗೆ ತೋಳೂ ಹರಿಯಿತು. ಅವನು ಮತ್ತೆ ಏಳದಿರಲೆಂದು ಮೇಷ್ಟ್ರು ಅವನ ಎದೆಯ ಮೇಲೇ ಕೂತರು. ಮಕ್ಕಳು ಚಪ್ಪಾಳೆ ತಟ್ಟಿದವು.

ಅದೇ ಹೊತ್ತಿಗೆ ಇನ್ಸ್‌ಪೆಕ್ಟರು ಬಂದರು. ಖಾಲಿ ಶಾಲೆಯನ್ನು ನೋಡಿ, ಗದ್ದಲ ಕೇಳಿದ ಕಡೆ ನಡೆದುಬಂದ ಅವರಿಗೆ ಕಂಡದ್ದು, ಎತ್ತಿನ ಜೊಲ್ಲು ಮೆತ್ತಿಕೊಂಡ ಮೇಷ್ಟ್ರು ರೈತನೊಬ್ಬನ ಮೇಲೆ ಸವಾರಿ ಮಾಡುತ್ತಿದ್ದದ್ದು. ಮೇಷ್ಟ್ರು ಕೂತಲ್ಲಿಂದಲೇ ಕೈಮುಗಿದರು. ಕಡೂರು ರೈಲಿನಂತೆ ಕಣ್ಣೆದುರೇ ದೂರ ಹೋಗುತ್ತಿರುವುದು ಅವರಿಗೆ ಕಾಣಿಸಿತು.

"ಏನ್ರೀ ಇದು?"

"ಸ್ವಾಮಿ, ಒಂದೇ ಒಂದು ಎಣ್ಣೆ ದೀಪ ಇಳಿಬಿಡೋಕೆ ಹೇಳಿ" ಎಂದರು ಮೇಷ್ಟ್ರು ಏದುಸಿರು ಬಿಡುತ್ತ.

ಇನ್ಸ್‌ಪೆಕ್ಟರ ಅಪ್ಪಣೆ ಎಂದ ಮೇಲೆ ದೀಪ ಬಂತು. ಮೂರು ಮೊಳ ಇಳಿಯಿತೋ ಇಲ್ಲವೋ, ಪಕ್ಕನೆ ಆರಿತು. ಹಚ್ಚಿ ಮತ್ತೆ ಬಿಟ್ಟರು, ಮತ್ತೆ ಆರಿತು. ಅದರ ಪಕ್ಕದಲ್ಲೇ ಟಾರ್ಚು ಮಾತ್ರ ಏನೂ ಅರಿಯದ ಹಾಗೆ ಉರಿಯುತ್ತಿತ್ತು. ಬೀರಪ್ಪ ಎದ್ದು ಕೂತು ತನ್ನ ಕಾಲನ್ನು ತಾನೇ ಮುಟ್ಟಿ ನೋಡಿಕೊಂಡ. ಅವನ ಹೆಂಡತಿ ಕಾಮಾಕ್ಷಮ್ಮ ಗಂಡನನ್ನು ತಬ್ಬಿಕೊಂಡು ಹೋ ಎಂದು ಅತ್ತಳು.

ಮೊದಲು ಮಾತು ಹೊಳೆದದ್ದು ಪಟೇಲರಿಗೆ.

"ನೋಡಿ ಸ್ವಾಮಿ! ನಮ್ ಮೇಷ್ಟ್ರು, ಅವರ ಬ್ಯಾಟ್ರಿ ಇಲ್ದಿದ್ರೆ ಇವತ್ತು ಬೀರಪ್ಪ ಇರ್ತಿರಲಿಲ್ಲ!"

ಬ್ಯಾಟರಿ ಇಲ್ಲದಿದ್ದರೆ ಬೀರಪ್ಪನಿಗೆ ಈ ಗಂಡಾಂತರವೇ ಬರುತ್ತಿರಲಿಲ್ಲ ಎಂದು ಹೇಳಲು ಮೇಷ್ಟ್ರು ಬಾಯಿ ತೆರೆದರು. ಇನ್ಸ್‌ಪೆಕ್ಟರ ಮುಖ ಅರಳುತ್ತಿರುವುದು ಕಂಡಿತು. ಬಾಯಿ ಮುಚ್ಚಿಕೊಂಡರು. ಆ ದಿನ ಅವರು ಮಾಡಿದ ದೊಡ್ಡ ತಪ್ಪು ಅದು. ಟಾರ್ಚು ಕೊಟ್ಟದ್ದು ಅದರ ಮುಂದೆ ಏನೂ ಅಲ್ಲ.

"ಭಲೆ ಪಂಚಾಕ್ಷರಪ್ಪ! ಸೈನ್ಸು ಅಂದ್ರೆ ಹೀಗೆ ಉಪಯೋಗಕ್ಕೆ ಬರ್ಬೇಕು" ಎಂದು ಇನ್ಸ್‌ಪೆಕ್ಟರು ಚೀಲದಿಂದ ಅರ್ಜಿ ತೆಗೆದು ಪೆನ್ನು ಬಿಚ್ಚಿದರು. "ಕಡೂರು ತಾನೆ? ಶಾಲೆ ನೋಡೋದೇನೂ ಬೇಡ. ಈಗಲೇ ರುಜು ಹಾಕ್ತೀನಿ."

ಮೇಷ್ಟ್ರ ಕಣ್ಣು ತುಂಬಿಬಂತು. ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಪಟೇಲರು ಕೇಳಿದರು.

"ಕಡೂರಾ? ಮೇಷ್ಟ್ರು ಹೋದ್ರೆ ಬ್ಯಾಟ್ರಿ?"

"ಅದೂ ಅವರ ಜೊತೆ ಹೋಗುತ್ತೆ ಪಟೇಲ್ರೇ."

ಅಂಗಳಕ್ಕೆ ಬೆಂಕಿ ಬಿದ್ದಂತಾಯಿತು. ನನ್ನ ಹಲ್ಲಿಗೆ ಗತಿ ಯಾರು ಎಂದು ಪಾಪಮ್ಮಜ್ಜಿ ಎಲ್ಲಿಂದಲೋ ಕೂಗಿದಳು. ಕಾಮಾಕ್ಷಮ್ಮ ಬಂದು ಇನ್ಸ್‌ಪೆಕ್ಟರ ಬೂಟು ಹಿಡಿದುಕೊಂಡಳು. "ನನ್ ತಾಳಿ ಉಳಿಸಿದೋರನ್ನ ಕಳಿಸ್ಬೇಡಿ ಸ್ವಾಮೀ!" ಇನ್ಸ್‌ಪೆಕ್ಟರು ಬರೆಯುವುದನ್ನು ನಿಲ್ಲಿಸಿದರು. ಮೇಷ್ಟ್ರಿಗೆ ಅಷ್ಟು ಹೊತ್ತಿಗೆ ಒಂದು ಉಪಾಯ ಹೊಳೆಯಿತು. ಹಗ್ಗ ಎಳೆದು, ಟಾರ್ಚು ಬಿಚ್ಚಿ ಆರಿಸಿ, ಪಟೇಲರ ಕೈಯಲ್ಲಿಟ್ಟರು.

"ನಿಮಗೆ ಬೇಕಾದ್ದು ಇದು ತಾನೆ? ಇಟ್ಕೊಳ್ಳಿ. ಊರಿಗೇ ಕೊಟ್ಬಿಟ್ಟೆ. ನನ್ನನ್ನ ಬಿಟ್ಬಿಡಿ."

ಕೊಟ್ಟಾಗ ಅವರಿಗೆ ಮೈಯೆಲ್ಲ ಹಗುರವಾಯಿತು. ಕರಿಬಸಮ್ಮನಿಗೆ ಏನು ಹೇಳುವುದೆಂಬ ಚಿಂತೆಯೂ ಬರಲಿಲ್ಲ, ಇನ್ನು ಮೇಲೆ ದಿನಾ ಎದುರಿಗೇ ಇರುತ್ತಾಳಲ್ಲ.

ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಹದಿನೆಂಟು ವರ್ಷದ ಸರ್ವಿಸ್ಸಿನಲ್ಲಿ ಊರಿಗಾಗಿ ಸ್ವಂತದ್ದನ್ನ ಹೀಗೆ ಕೊಟ್ಟ ಮೇಷ್ಟ್ರನ್ನ ನಾನು ನೋಡಿಲ್ಲ. ಇಂಥವರನ್ನ ಇಲ್ಲಿಂದ ಕೀಳೋಕೆ ನನಗೆ ಮನಸ್ಸು ಬರಲ್ಲ."

"ಸ್ವಾಮಿ, ನನ್ನ ಹೆಂಡ್ತಿ ಮಕ್ಕಳು..."

"ನಿಮ್ಮ ತ್ಯಾಗ ಕೇಳಿದ್ರೆ ಅವರಿಗೂ ಹೆಮ್ಮೆ ಆಗುತ್ತೆ" ಎಂದು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿದರು.

ಪಟೇಲರು ಅಷ್ಟರಲ್ಲಿ ಟಾರ್ಚನ್ನು ಒತ್ತಿ, ತಿರುಗಿಸಿ, ಕೊಡವಿ, ಹೊತ್ತಿಸಲಾಗದೆ ಸೋತಿದ್ದರು. "ಇದು ನಮ್ ಕೈಗೆ ಒಗ್ಗಲ್ಲ ಸ್ವಾಮಿ. ಮೇಷ್ಟ್ರ ಹತ್ರಾನೇ ಇರ್ಲಿ. ಆದ್ರೆ ಊರಿನ ಸಾಮಾನು ಊರು ಬಿಟ್ಟು ಹೋಗ್ಬಾರ್ದು. ಶನಿವಾರ ಶನಿವಾರ ಕಡೂರಿಗೆ ಹೋಗ್ತಾರೆ ನೋಡಿ."

"ನ್ಯಾಯವಾದ ಮಾತು" ಎಂದು ಇನ್ಸ್‌ಪೆಕ್ಟರು ಶಾಲೆಯ ವಿಸಿಟ್ ಬುಕ್ಕು ತರಿಸಿ, ಮುತ್ತಿನಂಥ ಅಕ್ಷರದಲ್ಲಿ ಬರೆದರು. 'ಗ್ರಾಮಸ್ಥರ ಸ್ವತ್ತಾದ ಟಾರ್ಚನ್ನು ಹೆಡ್‌ಮಾಸ್ತರರು ರಜಾ ದಿನಗಳೂ ಸೇರಿದಂತೆ ಪ್ರತಿದಿನ ತಮ್ಮ ಮೈಮೇಲೆಯೇ ಇಟ್ಟುಕೊಂಡಿರತಕ್ಕದ್ದು. ಸದರಿ ಟಾರ್ಚು ಗ್ರಾಮದ ಎಲ್ಲೆ ದಾಟಕೂಡದು.'

ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಟಾರ್ಚು ತಮ್ಮನ್ನು ಬಿಡುವಂತಿಲ್ಲ, ಊರನ್ನೂ ಬಿಡುವಂತಿಲ್ಲ. ಹಾಗಾದರೆ ಶನಿವಾರದ ರೈಲೂ ಹೋಯಿತು. ಮಿಕ್ಕವರೆಲ್ಲ ಮನೆಯಲ್ಲಿದ್ದ ಹೊಸ ರಾಗಿಯ ಮುದ್ದೆಯನ್ನೇ ಉಣ್ಣಲು ಪಟೇಲರ ಮನೆಯೊಳಗೆ ಹೋದ ಮೇಲೂ ಅವರು ಟಾರ್ಚು ಹಿಡಿದುಕೊಂಡು ಹಗೇವಿನ ದಂಡೆಯ ಮೇಲೆ ಕೂತೇ ಇದ್ದರು. ತುಸು ಹೊತ್ತಿಗೆ ಒಳಗಿನಿಂದ ದೇವೀರಪ್ಪನ ದನಿ ಕೇಳಿಸಿತು.

"ಮೇಷ್ಟ್ರೇ, ಸಾಹೇಬ್ರ ಗಂಟಲಲ್ಲಿ ಏನೋ ಸಿಕ್ಕಂಡೈತೆ. ನಮ್ ಬ್ಯಾಟ್ರಿ ಒಸಿ ತಗಂಡ್ ಬನ್ನಿ!"

ಮೇಷ್ಟ್ರು ಮಂಡಿಗೆ ಕೈಯೂರಿ ಎದ್ದು, ನಿಧಾನವಾಗಿ ಒಳಗೆ ನಡೆದರು.